ಹಳೇ ಹೈ-ಫೈ ಸ್ಪೀಕರ್ ಜೋಡಿ: ರಿಪೇರಿ ಮತ್ತು ಮಾರಾಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಕುಮಟಾ, ಹೊನ್ನಾವರ, ಶಿರಸಿ ಕಡೆಯವರು ಹಳೇ ಸ್ಪೀಕರ್ ಬಗ್ಗೆ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ ಥರ. ಪ್ರತಿ ಸಲ ಫೋನಿನಲ್ಲಿ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ಬೇರೆ ಊರಿನವರ ಸಲಹೆ ಓದಿ ಹಾಗೇ ಮಾಡಿದರೆ ಇಲ್ಲಿ ನಡೆಯುವುದಿಲ್ಲ. ನಮ್ಮಲ್ಲಿ ಸ್ಪೀಕರ್ ಜಾಸ್ತಿ ಬಾರಿಸಿ ಹಾಳಾಗುವುದು ಕಡಿಮೆ. ಬಾರಿಸದೆ ಮೂಲೆಯಲ್ಲಿಟ್ಟು ಹಾಳಾಗುವುದೇ ಹೆಚ್ಚು. ನಾಲ್ಕು ತಿಂಗಳ ಮಳೆ, ಉಪ್ಪುಗಾಳಿ, ಬೂಷ್ಟು, ಒರಲೆ ಇವೆಲ್ಲ ಸೇರಿ ಕೆಲಸ ಮುಗಿಸಿಬಿಡುತ್ತವೆ.

ಅಟ್ಟದ ಮೇಲೆ ಅಪ್ಪನ ಕಾಲದ ಸ್ಪೀಕರ್ ಜೋಡಿ ಇದೆ. ಮೊದಲು ಏನು ಮಾಡಲಿ?

ಆಂಪ್ಲಿಫೈಯರ್‌ಗೆ ಜೋಡಿಸಬೇಡಿ. ಎಲ್ಲರೂ ಮೊದಲು ಮಾಡುವುದು ಅದನ್ನೇ. ಕೋನ್ ಅಂದರೆ ಮುಂದೆ ಕಾಣುವ, ಆಡಿ ಸದ್ದು ಹೊರಡಿಸುವ ಬಟ್ಟಲಿನಂಥ ಭಾಗ. ಅದರ ಸುತ್ತಲಿನ ಫೋಮ್ ಹರಿದಿದ್ದರೆ ಕೋನ್ ಓರೆಯಾಗಿ ಕೂತಿರುತ್ತದೆ, ಅದರ ಹಿಂದೆ ಅಂಟಿಸಿದ ತಂತಿಯ ಸುರುಳಿ, ಅಂದರೆ ವಾಯ್ಸ್ ಕಾಯಿಲ್, ಮ್ಯಾಗ್ನೆಟ್ ಸಂದಿಯ ಗೋಡೆಗೆ ತಾಗುತ್ತಿರುತ್ತದೆ. ಆಗ ಜೋರಾಗಿ ಹಾಡು ಹಾಕಿದರೆ ಚೆನ್ನಾಗಿದ್ದ ಕಾಯಿಲೂ ಉಜ್ಜಿ ಸವೆದು ಹೋಗುತ್ತದೆ.

ಮುಂದಿನ ಬಟ್ಟೆಯ ಜಾಲರಿ ತೆಗೆಯಿರಿ. ಅದನ್ನು ಮೂಲೆಗಳಲ್ಲಿ ಚಿಕ್ಕ ಗೂಟಕ್ಕೆ ಒತ್ತಿ ಕೂರಿಸಿರುತ್ತಾರೆ. ಹಳೇ ಪ್ಲಾಸ್ಟಿಕ್ ಗೂಟ ಪಟ್ಟನೆ ಮುರಿಯುತ್ತದೆ, ಆದ್ದರಿಂದ ಒಂದೊಂದೇ ಮೂಲೆ ಸಡಿಲಿಸಿ. ಪೆಟ್ಟಿಗೆಯಲ್ಲಿ ಗಾಳಿಯಾಡುವ ಕೊಳವೆ ಇದ್ದರೆ ಟಾರ್ಚ್ ಬಿಟ್ಟು ನೋಡಿ. ಕಣಜದ ಹುಳ ಒಳಗೆ ಮಣ್ಣಿನ ಗೂಡು ಕಟ್ಟಿರುವುದು ನಮ್ಮ ಕಡೆ ಮಾಮೂಲು. ಇಲಿ ತಂದಿಟ್ಟ ಅಡಿಕೆ ಸಿಪ್ಪೆಯೂ ಇರಬಹುದು. ಕಡ್ಡಿ ಹಾಕಿ ಒಳಗೆ ತಳ್ಳಬೇಡಿ. ವೂಫರ್ (ತಗ್ಗು ಸ್ವರದ ದೊಡ್ಡ ಸ್ಪೀಕರ್) ಬಿಚ್ಚಿ ಒಳಗಿನಿಂದ ತೆಗೆಯಿರಿ, ಇಲ್ಲದಿದ್ದರೆ ಮಣ್ಣಿನ ಪುಡಿ ಪೆಟ್ಟಿಗೆಯೊಳಗೇ ಉಳಿಯುತ್ತದೆ.

ಆಮೇಲೆ ಕೋನಿನ ಎರಡೂ ಬದಿಗೆ ಬೆರಳಿಟ್ಟು ಸಮನಾಗಿ, ಮೆಲ್ಲಗೆ ಒತ್ತಿ. ಸದ್ದಿಲ್ಲದೆ ಹೋಗಿ ಬಂದರೆ ಒಳ್ಳೇ ಲಕ್ಷಣ. ಕರಕರ ಅಂದರೆ ಕಾಯಿಲ್ ತಾಗುತ್ತಿದೆ ಅಂತ. ಟ್ವೀಟರ್‌ನ (ಏರು ಸ್ವರದ ಚಿಕ್ಕ ಸ್ಪೀಕರ್) ಗುಮ್ಮಟವನ್ನು ಮಾತ್ರ ಮುಟ್ಟಲೇಬೇಡಿ, ಒಮ್ಮೆ ತಗ್ಗಾದರೆ ಮೊದಲಿನಂತೆ ಆಗುವುದು ಕಷ್ಟ.

ಮಲ್ಟಿಮೀಟರ್ ಇದ್ದರೆ ರೆಸಿಸ್ಟೆನ್ಸ್ ನೋಡಿ. 8 ಓಮ್ ಸ್ಪೀಕರ್ ಮೀಟರಿನಲ್ಲಿ 6ರಿಂದ 7 ತೋರಿಸುತ್ತದೆ, 4 ಓಮಿನದ್ದು 3ರ ಮೇಲೆ ಸ್ವಲ್ಪ. ಕಡಿಮೆ ಬಂತು ಅಂತ ಗಾಬರಿಯಾಗಬೇಡಿ, ಅದು ಸರಿಯೇ. ಹಿಂದಿನ ಟರ್ಮಿನಲ್‌ನಲ್ಲಿ ನೋಡಿದರೆ ಸಿಗುವುದು ವೂಫರ್‌ನ ಲೆಕ್ಕ. ಟ್ವೀಟರ್ ಕೆಪಾಸಿಟರ್‌ನ ಆಚೆ ಇರುತ್ತದೆ, ಕೆಪಾಸಿಟರ್ ಮೀಟರಿನ ಕರೆಂಟನ್ನು ದಾಟಲು ಬಿಡದ ಕಾರಣ ಮೀಟರಿಗೆ ಕಾಣುವುದಿಲ್ಲ. ಅದನ್ನು ಬಿಚ್ಚಿ, ಅದರ ಕಾಲಿಗೇ ಮೀಟರ್ ಇಡಬೇಕು.

ಇದು ಹೈ-ಫೈ ಸ್ಪೀಕರೋ, ಮಾಮೂಲಿ ಮ್ಯೂಸಿಕ್ ಸಿಸ್ಟಮ್‌ನ ಡಬ್ಬವೋ?

ಎತ್ತಿ ನೋಡಿ. ದೊಡ್ಡದಾಗಿ ಕಂಡರೂ ಒಂದು ಕೈಯಲ್ಲಿ ಎತ್ತಲು ಬಂದರೆ ಆಸೆ ಕಡಿಮೆ ಮಾಡಿಕೊಳ್ಳಿ. ಹಿಂದಿನ ಪಟ್ಟಿಯಲ್ಲಿ ಮಾಡೆಲ್ ನಂಬರ್, ಎಷ್ಟು ಓಮ್, ಕ್ರಾಸ್‌ಓವರ್ (ತಗ್ಗು ಸ್ವರವನ್ನು ವೂಫರಿಗೆ, ಏರು ಸ್ವರವನ್ನು ಟ್ವೀಟರಿಗೆ ಹಂಚುವ ಸರ್ಕ್ಯೂಟ್) ಎಷ್ಟು ಹರ್ಟ್ಸ್ ಅಂತ ಬರೆದಿದ್ದರೆ ಅದು ಕೆಲಸ ಗೊತ್ತಿದ್ದವರು ಮಾಡಿದ್ದು. ಸಿಸ್ಟಮ್ ಮೇಲೆ ‘ಪಿಎಂಪಿಒ’ ಅಂತ ನೂರಾರು, ಸಾವಿರಾರು ವ್ಯಾಟ್ ಇದ್ದರೆ ಅದು ಅಂಗಡಿಯಲ್ಲಿ ಗಿರಾಕಿ ಸೆಳೆಯಲು ಬರೆದ ಅಂಕಿ, ಅದರಿಂದ ಏನೂ ತಿಳಿಯುವುದಿಲ್ಲ.

ವಾರ್ಫ್‌ಡೇಲ್, ಕೆಇಎಫ್, ಟ್ಯಾನಾಯ್, ಜೆಬಿಎಲ್, ಯಮಾಹಾ, ಟೆಕ್ನಿಕ್ಸ್ ಇಂಥ ಹೆಸರು ಕಂಡರೆ ರಿಪೇರಿಯ ಖರ್ಚು ವ್ಯರ್ಥವಾಗುವ ಸಂಭವ ಕಡಿಮೆ. ಆದರೆ ಹೆಸರು ನೋಡಿ ಮಾತ್ರ ಕುಣಿಯಬೇಡಿ. ಒಂದೇ ಕಂಪನಿ ಅಗ್ಗದ್ದೂ ಮಾಡಿದೆ, ದುಬಾರಿಯದ್ದೂ ಮಾಡಿದೆ. ಯಮಾಹಾದ ಬಿಳಿ ಕೋನಿನ ಎನ್‌ಎಸ್-10 1978ರಲ್ಲಿ ಬಂದು ರೆಕಾರ್ಡಿಂಗ್ ಸ್ಟುಡಿಯೋಗಳಲ್ಲೆಲ್ಲ ಕೂತಿತು. ಬಿಳಿ ಕೋನ್ ಇದೆ ಅಂದಮಾತ್ರಕ್ಕೆ ನಿಮ್ಮದೂ ಅದೇ ಅಲ್ಲ. ನಮ್ಮ ದೇಶದ್ದನ್ನೂ ಕಡೆಗಣಿಸಬೇಡಿ. ಕೋಲ್ಕತ್ತದ ಸೋನೋಡೈನ್ 1970ರಲ್ಲಿ ಶುರುವಾದ ಕಂಪನಿ, ಅದರ ಹಳೇ ಜೋಡಿಗಳನ್ನು ಹುಡುಕಿಕೊಂಡು ಬರುವವರು ಇದ್ದಾರೆ.

ನಮ್ಮ ಕರಾವಳಿಯಲ್ಲಿ ಇಷ್ಟೊಂದು ಫಾರಿನ್ ಸೆಟ್ ಎಲ್ಲಿಂದ ಬಂತು?

1991ಕ್ಕಿಂತ ಮುಂಚೆ ಆಮದಿನ ಮೇಲೆ ಭಾರೀ ಸುಂಕ ಇತ್ತು. ಆದ್ದರಿಂದ ಇಂಥವು ಬಂದದ್ದು ಅಂಗಡಿಯಿಂದ ಅಲ್ಲ, ಗಲ್ಫ್‌ನಿಂದ ರಜೆಗೆ ಬಂದವರ ಸಾಮಾನಿನಲ್ಲಿ, ಹಡಗಿನ ಕೆಲಸದವರ ಜೊತೆಯಲ್ಲಿ. ಘಟ್ಟದ ಮೇಲೆ ಅಡಿಕೆಗೆ ರೇಟು ಬಂದ ವರ್ಷ ಬೊಂಬಾಯಿಗೆ ಹೋಗಿ ತಂದವರೂ ಇದ್ದಾರೆ.

ಇದರಲ್ಲಿ ಒಂದು ಎಚ್ಚರಿಕೆ ಇದೆ. ಸ್ಪೀಕರ್‌ಗೆ ವೋಲ್ಟೇಜ್ ಚಿಂತೆ ಇಲ್ಲ. ಜೊತೆಗೆ ಬಂದ ಆಂಪ್ಲಿಫೈಯರ್‌ನ ಹಿಂದೆ 100, 110 ಅಥವಾ 120 ವೋಲ್ಟ್ ಅಂತ ಮಾತ್ರ ಬರೆದಿದ್ದರೆ ನಮ್ಮ 230 ವೋಲ್ಟ್ ಸಾಕೆಟ್‌ಗೆ ಸಿಕ್ಕಿಸಬೇಡಿ.

ವೂಫರ್ ಸುತ್ತಲಿನ ಫೋಮ್ ಪುಡಿಪುಡಿಯಾಗಿದೆ. ಎಸೆಯುವುದೇ?

ಖಂಡಿತ ಬೇಡ. ಹಳೇ ಸ್ಪೀಕರ್‌ಗಳಲ್ಲಿ ಅತಿ ಹೆಚ್ಚು ಕಾಣುವ ತೊಂದರೆ ಇದು, ಸರಿ ಮಾಡಲು ಬರುವಂಥದ್ದೂ ಇದೇ. ಆ ಫೋಮ್ ಪಾಲಿಯುರೆಥೇನ್‌ನದು. ಗಾಳಿಯ ತೇವ ಅದರೊಳಗೆ ಹೊಕ್ಕು ನಿಧಾನವಾಗಿ ಅದನ್ನು ಒಡೆಯುತ್ತದೆ. ಬಾರಿಸಿದರೂ ಅಷ್ಟೇ, ಬಾರಿಸದಿದ್ದರೂ ಅಷ್ಟೇ. ರಬ್ಬರಿನ ಅಂಚು, ಮಡಿಕೆ ಹಾಕಿದ ಬಟ್ಟೆಯ ಅಂಚು ಇರುವ ಸ್ಪೀಕರ್ ಇನ್ನೂ ಎಷ್ಟೋ ವರ್ಷ ಬಾಳುತ್ತದೆ.

ಹೊಸ ಫೋಮ್ ರಿಂಗ್ ತರಿಸುವ ಮೊದಲು ಅಳತೆ ಸರಿಯಾಗಿ ತೆಗೆಯಿರಿ. ‘8 ಇಂಚು ವೂಫರ್’ ಅಂದರೆ ಸಾಲದು. ಕೋನಿನ ಹೊರ ಅಂಚಿನ ಅಳತೆ, ಕಬ್ಬಿಣದ ಚೌಕಟ್ಟಿನ ಒಳ ಮತ್ತು ಹೊರ ಅಳತೆ, ಫೋಮಿನ ಉಬ್ಬು ಎಷ್ಟು ಅಗಲ, ಇವೆಲ್ಲ ಬೇಕು. ಒಂದರ ಫೋಮ್ ಮಾತ್ರ ಹೋಗಿದ್ದರೂ ಎರಡಕ್ಕೂ ಹಾಕಿ. ಹಳತು ಗಟ್ಟಿ, ಹೊಸತು ಮೆತ್ತಗೆ ಆಗಿ ಎರಡು ಕಡೆ ಬಾಸ್ ಬೇರೆ ಬೇರೆ ಬರುತ್ತದೆ.

ಹಳೇ ಫೋಮ್ ತೆಗೆಯುವುದೇ ನಿಜವಾದ ಕೆಲಸ. ಒಣಗಿದ್ದರೆ ಪುಡಿಯಾಗಿ ಉದುರುತ್ತದೆ. ಕಡಲ ಹತ್ತಿರದ ಮನೆಯಲ್ಲಿದ್ದದ್ದಾದರೆ ಜೋನಿ ಬೆಲ್ಲದ ಹಾಗೆ ಬೆರಳಿಗೆ ಅಂಟುತ್ತದೆ, ಕಪ್ಪಗೆ. ಹತ್ತಿಗೆ ಒಂದಿಷ್ಟು ಸರ್ಜಿಕಲ್ ಸ್ಪಿರಿಟ್ ಹಚ್ಚಿ, ಒರೆಸಿ, ಉಗುರಿನಲ್ಲಿ ಮೆಲ್ಲಗೆ ಎಬ್ಬಿಸಿ. ಕಾಗದದ ಕೋನ್ ನೆನೆಯಬಾರದು. ಪ್ಲಾಸ್ಟಿಕ್ ಕೋನ್ ಆದರೆ ಥಿನ್ನರ್, ಅಸಿಟೋನ್ ಹತ್ತಿರವೂ ತರಬೇಡಿ, ಕೆಲವು ಪ್ಲಾಸ್ಟಿಕ್ ಕರಗಿಯೇ ಹೋಗುತ್ತದೆ. ಚೌಕಟ್ಟಿನ ಮೇಲೂ ಹಳೇ ಅಂಟಿನ ಗಂಟು ಉಳಿಯಬಾರದು.

ಮೊದಲ ದಿನ ಒಳ ಅಂಚನ್ನು ಕೋನಿಗೆ ಅಂಟಿಸಿ ಬಿಟ್ಟುಬಿಡಿ. ಮರುದಿನ ಹೊರ ಅಂಚು. ಕಾಯಿಲ್ ನಡುಮಧ್ಯಕ್ಕೆ ಬರಬೇಕಾದ್ದು ಈ ಹೊತ್ತಿನಲ್ಲೇ. ಅದಕ್ಕೆ ಎರಡು ದಾರಿ ಇವೆ. ಒಂದು, ನಡುವಿನ ಟೋಪಿಯನ್ನು ಬ್ಲೇಡಿನಿಂದ ಕೊಯ್ದು, ಕಾಯಿಲ್ ಮತ್ತು ಮ್ಯಾಗ್ನೆಟ್ ನಡುವೆ ಹಳೇ ಎಕ್ಸ್-ರೇ ಫಿಲ್ಮಿನ ಪಟ್ಟಿಗಳನ್ನು ಸುತ್ತಲೂ ಸಿಕ್ಕಿಸುವುದು. ಇನ್ನೊಂದು, ಟೋಪಿ ಮುಟ್ಟದೆ ಫೋನಿನ ಆ್ಯಪ್‌ನಿಂದ 30 ಹರ್ಟ್ಸ್ ಆಸುಪಾಸಿನ ಸ್ವರವನ್ನು ಆಂಪ್ಲಿಫೈಯರ್ ಮೂಲಕ ಸಣ್ಣಗೆ ಕೊಡುವುದು. ಕೋನ್ ಮೇಲೆ ಕೆಳಗೆ ಆಡುತ್ತಿರುತ್ತದೆ. ಅಂಟು ಹಸಿ ಇರುವಾಗಲೇ ಫೋಮಿನ ಅಂಚನ್ನು ಬೆರಳಲ್ಲಿ ಕೂದಲೆಳೆಯಷ್ಟು ಆಚೆ ಈಚೆ ಜರುಗಿಸಿ. ಕೆರೆಯುವ ಸದ್ದು ಒಂದು ಜಾಗದಲ್ಲಿ ಪೂರ್ತಿ ನಿಲ್ಲುತ್ತದೆ. ಅಲ್ಲೇ ಬಟ್ಟೆ ಕ್ಲಿಪ್ ಹಾಕಿ ಬಿಡಿ. ನಾನು ಎರಡನೇ ದಾರಿಯನ್ನೇ ಹೇಳುತ್ತೇನೆ. ಟೋಪಿ ಕೊಯ್ದ ಗುರುತು ಕೊಳ್ಳುವವರ ಕಣ್ಣಿಗೆ ಮೊದಲು ಬೀಳುತ್ತದೆ.

ಇದನ್ನೆಲ್ಲ ಮಳೆಗಾಲದಲ್ಲಿ ಮಾಡಬೇಡಿ. ಆಷಾಢದ ತೇವದಲ್ಲಿ ಬಿಳಿ ಅಂಟು ಒಣಗುವುದೇ ಇಲ್ಲ. ದೀಪಾವಳಿ ಕಳೆಯಲಿ.

ಯಾವ ಅಂಟು?

ಒಣಗಿದ ಮೇಲೂ ಸ್ವಲ್ಪ ಬಳುಕುವ ಬಿಳಿ ಅಂಟು, ಅಂದರೆ ಪಿವಿಎ. ಜರುಗಿಸಲು ಸಮಯ ಕೊಡುತ್ತದೆ. ತಕ್ಷಣ ಹಿಡಿಯುವ ಕ್ವಿಕ್ ಅಂಟು ಬೇಡವೇ ಬೇಡ. ಅದು ಗಾಜಿನಂತೆ ಗಟ್ಟಿಯಾಗುತ್ತದೆ, ತಪ್ಪಾದರೆ ತಿದ್ದಲು ಬಿಡುವುದಿಲ್ಲ.

ಕಾಯಿಲ್ ಸುಟ್ಟಿದೆ ಅಂದರು. ಇಲ್ಲೇ ಸುತ್ತಿಸಬಹುದೇ?

ವೂಫರ್ ಆದರೆ ಬಹುಮಟ್ಟಿಗೆ ಆಗುತ್ತದೆ. ಯಕ್ಷಗಾನ, ಜಾತ್ರೆ, ಮದುವೆಗೆ ಮೈಕ್ ಸೆಟ್ ಹಾಕುವವರು ಕಾಯಿಲ್ ಸುಡುತ್ತಲೇ ಇರುತ್ತಾರೆ. ಆದ್ದರಿಂದ ಸುತ್ತುವ ಕೈ ನಮ್ಮ ಜಿಲ್ಲೆಯಲ್ಲಿ ಉಳಿದಿದೆ. ಆದರೆ ಅವರ ಕೆಲಸ ಬಯಲಿನಲ್ಲಿ ಕಿರುಚುವ ಸ್ಪೀಕರ್‌ನದು. ಅವರ ಹತ್ತಿರ ಇರುವ ಸಿದ್ಧ ಕೋನ್ ದಪ್ಪ, ಗಡಸು. ಅದನ್ನು ಹಾಕಿಸಿಕೊಂಡರೆ ಸದ್ದು ಬರುತ್ತದೆ, ಮೊದಲಿನ ಸ್ಪೀಕರ್ ಬರುವುದಿಲ್ಲ. ಮೊದಲಿದ್ದ ಕೋನನ್ನೇ ಉಳಿಸಿ, ಅದೇ ದಪ್ಪದ ತಂತಿ, ಅಷ್ಟೇ ಪದರ, ಅಷ್ಟೇ ಓಮ್ ಇರಲಿ ಅಂತ ಕೂತು ಹೇಳಿ. ಬಿಟ್ಟು ಬರಬೇಡಿ.

ಟ್ವೀಟರ್ ಸುಟ್ಟರೆ ಸುತ್ತಿಸುವುದಕ್ಕಿಂತ ಅದೇ ಮಾಡೆಲ್‌ನ ಹಳೆಯದನ್ನು ಹುಡುಕುವುದು ಮೇಲು. ಬೆಂಗಳೂರಿನ ಎಸ್‌.ಪಿ. ರೋಡ್, ಮುಂಬೈಯ ಲ್ಯಾಮಿಂಗ್ಟನ್ ರೋಡ್, ಚೆನ್ನೈನ ರಿಚಿ ಸ್ಟ್ರೀಟ್‌ನಲ್ಲಿ ಕೇಳಿ ನೋಡಿ. ಸಿಗದಿದ್ದರೆ ಎರಡೂ ಕಡೆ ಒಂದೇ ಥರದ ಬೇರೆ ಟ್ವೀಟರ್ ಹಾಕಿ, ಮಾರುವಾಗ ಅದನ್ನು ಹೇಳಿ.

ಕ್ರಾಸ್‌ಓವರ್‌ನ ಕೆಪಾಸಿಟರ್ ಎಲ್ಲ ಬದಲಿಸಬೇಕು ಅಂತಾರೆ. ನಿಜವೇ?

ಕಣ್ಣು ಮುಚ್ಚಿ ಎಲ್ಲ ಬದಲಿಸುವ ಚಾಳಿ ನನಗೆ ಇಷ್ಟವಿಲ್ಲ. ಮೊದಲು ಒಂದು ಕಾಲು ಬಿಡಿಸಿ ಅಳೆಯಿರಿ. ಅಲ್ಲಿರುವುದು ಸಾಮಾನ್ಯವಾಗಿ ಬೈಪೋಲಾರ್ ಎಲೆಕ್ಟ್ರೋಲಿಟಿಕ್, ಅಂದರೆ ಪ್ಲಸ್ ಮೈನಸ್ ಭೇದ ಇಲ್ಲದ್ದು. ಇದು ವರ್ಷ ಕಳೆದಂತೆ ಒಳಗೊಳಗೇ ಒಣಗಿ ಬೆಲೆ ಬದಲಾಯಿಸುತ್ತದೆ. 4.7 ಮೈಕ್ರೋಫ್ಯಾರಡ್ ಅಂತ ಬರೆದದ್ದು 6 ದಾಟಿದ್ದರೆ, ಅಥವಾ ಎಡಬಲ ಎರಡರ ಲೆಕ್ಕ ತಾಳೆಯಾಗದಿದ್ದರೆ ಬದಲಿಸಿ. ಶೇಕಡ 10ರೊಳಗೆ ಇದ್ದರೆ ಸುಮ್ನೆ ಬಿಡಿ.

ಬದಲಿಸುವುದಾದರೆ ಫಿಲ್ಮ್ ಕೆಪಾಸಿಟರ್ ಹಾಕಿ, ಅದು ಒಣಗುವುದಿಲ್ಲ. ಗಾತ್ರ ದೊಡ್ಡದು, ಜಾಗ ನೋಡಿಕೊಳ್ಳಿ. ಪ್ಲಸ್ ಮೈನಸ್ ಇರುವ ಮಾಮೂಲಿ ಎಲೆಕ್ಟ್ರೋಲಿಟಿಕ್ ಇಲ್ಲಿ ನಡೆಯುವುದಿಲ್ಲ. ಫಿಲ್ಮ್ ಹಾಕಿದ ಮೇಲೆ ಟ್ರೆಬಲ್ ಚೂಪಾಯಿತು ಅನ್ನಿಸಿದರೆ ಅದಕ್ಕೆ ಕಾರಣ ಇದೆ. ಹಳೇ ಕೆಪಾಸಿಟರ್‌ನಲ್ಲಿ ಸ್ವಲ್ಪ ರೆಸಿಸ್ಟೆನ್ಸ್ ಇತ್ತು, ಹೊಸದರಲ್ಲಿ ಇಲ್ಲ. ಅರ್ಧ ಅಥವಾ 1 ಓಮ್‌ನ ವೈರ್‌ವೌಂಡ್ ರೆಸಿಸ್ಟರ್ ಸಾಲಿನಲ್ಲಿ ಸೇರಿಸಿದರೆ ಸರಿಹೋಗುತ್ತದೆ. ತಾಮ್ರದ ಸುರುಳಿಗಳನ್ನು ಮುಟ್ಟಬೇಡಿ. ಬಿಚ್ಚಿದ ಹಳೇ ಭಾಗಗಳನ್ನು ಒಂದು ಕವರಿನಲ್ಲಿ ಹಾಕಿಡಿ, ಕೊಳ್ಳುವವರಿಗೆ ಅದನ್ನೂ ಕೊಡಿ.

ಟ್ರೆಬಲ್ ನಾಬ್ ತಿರುಗಿಸಿದರೆ ಬರಬರ ಅನ್ನುತ್ತದೆ.

ಒಳಗೆ ಕಿಲುಬು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಈ ತುದಿಯಿಂದ ಆ ತುದಿಗೆ ಹತ್ತಾರು ಸಲ ತಿರುಗಿಸಿ. ಹಸಿರುಗಟ್ಟಿದ ಹಿಂದಿನ ಟರ್ಮಿನಲ್‌ಗೂ ಅದೇ ಮದ್ದು.

ಪೆಟ್ಟಿಗೆಯ ತಳ ಉಬ್ಬಿದೆ, ವಿನೀರ್ ಎದ್ದಿದೆ. ಆಚಾರಿಗೆ ಕೊಡಲೇ?

ಹೆಚ್ಚಿನ ಪೆಟ್ಟಿಗೆಗಳು ಒಳಗೆ ಪಾರ್ಟಿಕಲ್ ಬೋರ್ಡ್, ಮೇಲೆ ಮಾತ್ರ ತೆಳು ಮರದ ಹಾಳೆ. ಪಾರ್ಟಿಕಲ್ ಬೋರ್ಡ್ ಒಮ್ಮೆ ನೀರು ಕುಡಿದು ಉಬ್ಬಿದರೆ ಹಳೇ ಆಕಾರಕ್ಕೆ ಬರುವುದಿಲ್ಲ. ಪುಡಿಯಾದ ಭಾಗಕ್ಕೆ ತೆಳ್ಳಗಿನ ಎಪಾಕ್ಸಿ ಕುಡಿಸಿ ಗಟ್ಟಿ ಮಾಡಬಹುದು. ತಳವಾದರೆ ಯಾರಿಗೂ ಕಾಣುವುದಿಲ್ಲ. ಎದ್ದ ವಿನೀರ್‌ನ ಅಡಿಗೆ ಬಿಳಿ ಅಂಟು ಸೇರಿಸಿ, ಮೇಲೆ ಬಟ್ಟೆ ಹಾಸಿ, ಹದವಾದ ಇಸ್ತ್ರಿ ಪೆಟ್ಟಿಗೆ ಎಳೆದು, ಭಾರ ಹೇರಿ ರಾತ್ರಿ ಬಿಡಿ.

ನಮ್ಮ ಆಚಾರಿಗಳ ಕೈ ಬಗ್ಗೆ ಮಾತೇ ಇಲ್ಲ. ತೊಂದರೆ ಇರುವುದು ಅವರ ಉತ್ಸಾಹದಲ್ಲಿ. ‘ಇದೆಲ್ಲ ಕಸ, ಸಾಗವಾನಿಯಲ್ಲಿ ಹೊಸ ಪೆಟ್ಟಿಗೆ ಮಾಡಿಕೊಡ್ತೆ’ ಅನ್ನುತ್ತಾರೆ. ಚಂದ ಬರುತ್ತದೆ, ಹೌದು. ಆದರೆ ಒಳಗಿನ ಗಾತ್ರ, ಕೊಳವೆಯ ಉದ್ದ ಬದಲಾದರೆ ಬಾಸ್ ಬದಲಾಗುತ್ತದೆ, ಕೊಳ್ಳುವವರ ಲೆಕ್ಕದಲ್ಲಿ ಅದು ಆ ಕಂಪನಿಯ ಸ್ಪೀಕರ್ ಆಗಿ ಉಳಿಯುವುದಿಲ್ಲ. ಗೀರು ಇರಲಿ. ದಪ್ಪ ಪಾಲಿಶ್ ಪೇಪರ್ ಹಾಕಿ ಉಜ್ಜಿದರೆ ವಿನೀರ್ ತೂತಾಗಿ ಬೋರ್ಡು ಕಾಣುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಅಗಸೆ ಎಣ್ಣೆ ತೆಳ್ಳಗೆ ಹಚ್ಚಿದರೆ ಸಾಕು. ಆ ಎಣ್ಣೆ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಬೇಡಿ. ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಹರಡಿ ಒಣಗಿಸಿ.

ಒಳಗಿನ ಹತ್ತಿ ಅಥವಾ ಗ್ಲಾಸ್‌ವೂಲ್‌ಗೆ ಬೂಷ್ಟು ಹಿಡಿದಿದ್ದರೆ ಬದಲಿಸಿ. ಎಷ್ಟಿತ್ತೋ ತೂಗಿ ಅಷ್ಟೇ ಹಾಕಿ. ಗ್ಲಾಸ್‌ವೂಲ್ ಆದರೆ ಮಾಸ್ಕ್, ಕೈಗವಸು ಇಲ್ಲದೆ ಮುಟ್ಟಬೇಡಿ.

ಹೊಗೆ ಅಟ್ಟದಲ್ಲಿ ಇಟ್ಟಿದ್ದೆವು. ಒರಲೆ ಬಂದಿಲ್ಲ, ಆದರೆ ವಾಸನೆ ಹೋಗುತ್ತಿಲ್ಲ.

ಒಲೆಯ ಹೊಗೆ ಪೆಟ್ಟಿಗೆಯನ್ನು ಕಾಪಾಡಿದೆ, ಅದಕ್ಕೆ ಖುಷಿಪಡಿ. ಜಾಲರಿ ಬಟ್ಟೆಯನ್ನು ಸೋಪಿನ ನೀರಲ್ಲಿ ತೊಳೆಯಿರಿ. ಪೆಟ್ಟಿಗೆ ಬಿಚ್ಚಿ ನೆರಳಲ್ಲಿ ಗಾಳಿಗಿಡಿ. ಸುಡು ಬಿಸಿಲು ಬೇಡ, ವಿನೀರ್ ಬಿರಿಯುತ್ತದೆ. ಅರ್ಧ ವಾಸನೆ ಒಳಗಿನ ಹತ್ತಿಯಲ್ಲೇ ಇರುತ್ತದೆ.

ಎಷ್ಟು ವ್ಯಾಟ್‌ನ ಆಂಪ್ಲಿಫೈಯರ್ ಬೇಕು?

ಸ್ಪೀಕರ್ ಮೇಲೆ ಬರೆದ ವ್ಯಾಟ್ ನೋಡಿ ಹೆದರುವ ಅಗತ್ಯವಿಲ್ಲ. ಮನೆಯಲ್ಲಿ ಕೇಳಲು ಕೆಲವೇ ವ್ಯಾಟ್ ಸಾಕಾಗುತ್ತದೆ. ಸೆನ್ಸಿಟಿವಿಟಿ, ಅಂದರೆ ಅಷ್ಟೇ ಶಕ್ತಿಗೆ ಎಷ್ಟು ಜೋರಾಗಿ ಕೇಳುತ್ತದೆ ಅನ್ನುವ ಲೆಕ್ಕ, 90 ಡೆಸಿಬಲ್ ಇರುವ ಸ್ಪೀಕರ್‌ಗೆ 87ರದ್ದಕ್ಕಿಂತ ಅರ್ಧ ಶಕ್ತಿ ಸಾಕು. ಟ್ವೀಟರ್ ಸುಡುವುದು ಹೆಚ್ಚಾಗಿ ಸಣ್ಣ ಆಂಪ್ಲಿಫೈಯರ್‌ನ ನಾಬನ್ನು ಕೊನೆವರೆಗೆ ತಿರುಗಿಸಿ ಸದ್ದು ಒಡೆದಾಗ.

ರಿಪೇರಿ ಆದ ಮೇಲೆ ಸರಿಯಾಗಿದೆ ಅಂತ ತಿಳಿಯುವುದು ಹೇಗೆ?

ಮೋನೋದಲ್ಲಿ, ಅಂದರೆ ಎರಡೂ ಕಡೆ ಒಂದೇ ಸದ್ದು ಬರುವಂತೆ, ಒಬ್ಬರ ದನಿ ಹಾಕಿ. ಎರಡು ಸ್ಪೀಕರ್‌ಗಳ ನಡುವೆ ಕೂತರೆ ದನಿ ನಡುಮಧ್ಯದಿಂದ ಬರಬೇಕು. ಎಲ್ಲಿಂದ ಬರುತ್ತಿದೆ ಅಂತ ತಿಳಿಯದೆ ತಲೆಯ ಸುತ್ತ ತೇಲಿದರೆ, ಬಾಸ್ ಮಾಯವಾದರೆ, ಒಂದರ ತಂತಿ ತಿರುವುಮುರುವು ಆಗಿದೆ. 1.5 ವೋಲ್ಟ್ ಸೆಲ್ಲಿನ ಪ್ಲಸ್ಸನ್ನು ಕೆಂಪು ಟರ್ಮಿನಲ್‌ಗೆ ಕ್ಷಣಮಾತ್ರ ತಾಗಿಸಿದರೆ ವೂಫರ್ ಹೊರಕ್ಕೆ ಬರಬೇಕು. ಹಳೇ ಜೆಬಿಎಲ್‌ಗಳಲ್ಲಿ ಮಾತ್ರ ಒಳಕ್ಕೆ ಹೋಗುತ್ತದೆ, ಅದು ಅವರ ಪದ್ಧತಿ. ಮುಖ್ಯವಾದ್ದು ಎರಡೂ ಒಂದೇ ಕಡೆ ಆಡಬೇಕು.

ಆಮೇಲೆ ನನ್ನ ಪರೀಕ್ಷೆ ಯಕ್ಷಗಾನದ ಒಂದು ಒಳ್ಳೇ ರೆಕಾರ್ಡಿಂಗ್. ಚಂಡೆಯ ಪೆಟ್ಟು ಕಿವಿಗೆ ಚುಚ್ಚದೆ ಖಡಕ್ಕಾಗಿ ಬಿಡಿಬಿಡಿಯಾಗಿ ಕೇಳಬೇಕು. ಚುಚ್ಚಿದರೆ ಟ್ವೀಟರ್ ಕಡೆ ನೋಡಿ. ಮದ್ದಲೆಯ ತಗ್ಗು ಸ್ವರ ಗುಂಯ್ ಅಂತ ಎಳೆಯಬಾರದು. ಭಾಗವತರ ಏರು ದನಿ ಬಂದಾಗ ಕಾಯಿಲ್ ಕೆರೆತ, ಸಡಿಲ ಸ್ಕ್ರೂ, ಪೆಟ್ಟಿಗೆಯ ಬಿರುಕು ಎಲ್ಲ ಬಾಯಿ ಬಿಡುತ್ತವೆ. ಸಿನಿಮಾ ಹಾಡಿನಲ್ಲಿ ಇವು ಅಡಗಿಬಿಡುತ್ತವೆ.

ಬೆಲೆ ಎಷ್ಟು ಹೇಳಲಿ?

ಜಾಹೀರಾತಿನಲ್ಲಿ ಬೇರೆಯವರು ಕೇಳುತ್ತಿರುವ ಬೆಲೆ ನೋಡಬೇಡಿ, ಮಾರಿಹೋದದ್ದು ನೋಡಿ. ತಿಂಗಳುಗಟ್ಟಲೆ ಅಲ್ಲೇ ಕೂತಿರುವ ಜಾಹೀರಾತಿನ ಬೆಲೆ ಬೆಲೆಯೇ ಅಲ್ಲ, ಅಲ್ವಾ? ರಿಪೇರಿ ಖರ್ಚನ್ನು ಮಾರುವ ಬೆಲೆಯ ಮೂರನೇ ಒಂದು ಭಾಗದೊಳಗೆ ಇಟ್ಟುಕೊಳ್ಳಿ ಅನ್ನುವುದು ನನ್ನ ಲೆಕ್ಕ. ಅದಕ್ಕಿಂತ ಜಾಸ್ತಿ ಬೇಕಾಗುವುದಾದರೆ ಇದ್ದ ಹಾಗೇ ‘ರಿಪೇರಿಗೆ’ ಅಂತ ಮಾರುವುದು ವಾಸಿ. ಸ್ವಂತಕ್ಕೆ ಇಟ್ಟುಕೊಳ್ಳುವವರಿಗೆ ಈ ಲೆಕ್ಕ ಬೇಡ.

ಒಂದೇ ಸ್ಪೀಕರ್ ಇದೆ.

ಬಿಡಿಭಾಗಕ್ಕೆ ಹೋಗುತ್ತದೆ. ಟ್ವೀಟರ್ ಚೆನ್ನಾಗಿದ್ದರೆ ಯಾರೋ ಒಬ್ಬರು ಅದನ್ನೇ ಹುಡುಕುತ್ತಿರುತ್ತಾರೆ.

ಜಾಹೀರಾತಿನಲ್ಲಿ ಏನು ಬರೆಯಬೇಕು?

ಏನು ಬದಲಿಸಿದ್ದೀರಿ, ಏನು ಮೊದಲಿನದೇ ಇದೆ, ಇದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ‘ವೂಫರ್ ಫೋಮ್ ಹೊಸದು, ಟ್ವೀಟರ್ ಮೂಲದ್ದು, ಬಲಗಡೆ ಪೆಟ್ಟಿಗೆಯ ತಳದ ಮೂಲೆ ಉಬ್ಬಿದೆ’ ಅಂತ ಬರೆದರೆ ಚೌಕಾಸಿ ಅರ್ಧ ಕಡಿಮೆಯಾಗುತ್ತದೆ. ಫೋಟೊ ಜಾಲರಿ ತೆಗೆದು, ಹಗಲು ಬೆಳಕಲ್ಲಿ. ಹಿಂದಿನ ಪಟ್ಟಿ, ಸೀರಿಯಲ್ ನಂಬರ್ ಎರಡರದ್ದೂ ಬೇಕು. ಹತ್ತಿರ ಹತ್ತಿರದ ನಂಬರ್ ಇದ್ದರೆ ಜೋಡಿ ಮೊದಲಿನಿಂದ ಒಟ್ಟಿಗೇ ಇತ್ತು ಅಂತ ಗೊತ್ತಾಗುತ್ತದೆ, ಅದಕ್ಕೆ ಬೆಲೆ ಇದೆ. ಉಬ್ಬಿದ ಮೂಲೆಯ ಫೋಟೊವೂ ಹಾಕಿ. ‘ಸೂಪರ್ ಸೌಂಡ್’ ಅಂತ ಎಲ್ಲರೂ ಬರೆಯುತ್ತಾರೆ, ಅದು ಬೇಡ.

ಕೊಳ್ಳುವವರು ಅಡ್ವಾನ್ಸ್ ಕಳಿಸುತ್ತೇನೆ, ಕ್ಯೂಆರ್ ಸ್ಕ್ಯಾನ್ ಮಾಡಿ ಅಂತಾರೆ.

ಮಾಡಬೇಡಿ. ಹಣ ಬರಲು ನೀವು ಸ್ಕ್ಯಾನ್ ಮಾಡಬೇಕಿಲ್ಲ, ಯುಪಿಐ ಪಿನ್ ಹೊಡೆಯಬೇಕಿಲ್ಲ. ಪಿನ್ ಹೊಡೆದರೆ ಹಣ ಹೋಗುವುದು ನಿಮ್ಮ ಖಾತೆಯಿಂದ. ‘ನಾನು ನೇವಿಯಲ್ಲಿದ್ದೇನೆ, ನನ್ನ ಜನ ಬಂದು ಒಯ್ಯುತ್ತಾರೆ’ ಅನ್ನುವ ಮಾತು ಈ ಮೋಸಗಾರರ ಬಾಯಲ್ಲಿ ಸದಾ ಇರುತ್ತದೆ. ಕಾರವಾರದಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಇರುವುದರಿಂದ ನಮ್ಮವರು ಬೇಗ ನಂಬುತ್ತಾರೆ. ಹಣ ಹೋಗಿಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಬೆಂಗಳೂರು, ಪುಣೆಗೆ ಕಳಿಸುವುದು ಹೇಗೆ?

ಆದಷ್ಟೂ ಬಂದು, ಕೇಳಿ ಒಯ್ಯಲು ಹೇಳಿ. ಗೋಕರ್ಣಕ್ಕೋ ಗೋವಾಕ್ಕೋ ಕಾರಿನಲ್ಲಿ ಬರುವವರು ಎಷ್ಟೋ ಜನ, ಹಿಂದೆ ಹೋಗುವಾಗ ಡಿಕ್ಕಿ ಖಾಲಿಯೇ ಇರುತ್ತದೆ.

ಕಳಿಸಲೇಬೇಕಾದರೆ ಬಸ್ಸಿನ ಕಾರ್ಗೋ, ಲಾರಿ, ರೈಲು ಪಾರ್ಸೆಲ್ ಯಾವುದಾದರೂ ಸರಿ, ಪ್ಯಾಕಿಂಗ್ ನಿಮ್ಮದೇ ಇರಲಿ. ದೇವಿಮನೆ ಅಥವಾ ಅರಬೈಲ್ ಘಟ್ಟದ ತಿರುವಿನಲ್ಲಿ ಭಾರದ ಪೆಟ್ಟಿಗೆ ಒಮ್ಮೆ ಜಾರಿದರೆ ಮೂಲೆ ಹೋಯಿತು. ಒಂದೊಂದಕ್ಕೂ ಬೇರೆ ರಟ್ಟಿನ ಪೆಟ್ಟಿಗೆ, ಅದರ ಹೊರಗೆ ಇನ್ನೊಂದು. ಎಂಟೂ ಮೂಲೆಗೆ ಗಟ್ಟಿ ಥರ್ಮೋಕೋಲ್. ಕೋನಿನ ಮುಂದೆ ತೆಳು ಪ್ಲೈವುಡ್ ಹಲಗೆ, ಕೋನಿಗೆ ತಾಗದಂತೆ. ಅಲ್ಲಾಡಿಸಿದರೆ ಒಳಗೆ ಏನೂ ಕದಲಬಾರದು. ಗೋಣಿಚೀಲ ಸುತ್ತಬೇಡಿ, ತೇವ ಹೀರುತ್ತದೆ.

ಹಿಂದಿನ ಪ್ಲಸ್ ಮೈನಸ್ ಟರ್ಮಿನಲ್ ನಡುವೆ ಒಂದು ತುಂಡು ತಂತಿ ಕಟ್ಟಿ. ಆಗ ವೂಫರ್ ಕೋನ್ ಬಿಗಿಯಾಗುತ್ತದೆ, ದಾರಿಯಲ್ಲಿ ಕುಣಿಯುವುದು ಕಡಿಮೆಯಾಗುತ್ತದೆ. ‘ಜೋಡಿಸುವ ಮೊದಲು ಈ ತಂತಿ ತೆಗೆಯಿರಿ’ ಅಂತ ಕೆಂಪು ಚೀಟಿ ಅಂಟಿಸಲು ಮರೆಯಬೇಡಿ. ತೆಗೆಯದಿದ್ದರೆ ಅವರ ಆಂಪ್ಲಿಫೈಯರ್ ಶಾರ್ಟ್ ಆಗುತ್ತದೆ.

ಮಾರಿಹೋಗುವ ತನಕ ಮಳೆಗಾಲದಲ್ಲಿ ಎಲ್ಲಿಡಲಿ?

ನೆಲದ ಮೇಲೆ, ಹೊರಗೋಡೆಗೆ ತಾಗಿಸಿ ಬೇಡ. ಸ್ಟೂಲಿನ ಮೇಲೆ, ಒಳಕೋಣೆಯಲ್ಲಿ. ಪ್ಲಾಸ್ಟಿಕ್ ಹೊದಿಸಿದರೆ ಒಳಗೇ ಬೆವರಿ ಬೂಷ್ಟು ಬರುತ್ತದೆ, ಹತ್ತಿ ಬಟ್ಟೆ ಹೊದಿಸಿ. ದಿನಾ ಒಂದಿಷ್ಟು ಹೊತ್ತು ಹಾಡು ಹಾಕಿ, ಏನಾದರೂ ಹಾಳಾಗುತ್ತಿದ್ದರೆ ಬೇಗ ಗೊತ್ತಾಗುತ್ತದೆ. ಕೊಳವೆಯ ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿದರೆ ಕಣಜದ ಕಾಟ ಇಲ್ಲ.

ಕೊಂಡವರು ವಾರ ಬಿಟ್ಟು ‘ಒಂದು ಕಡೆ ಸದ್ದು ಕಮ್ಮಿ’ ಅಂತ ಫೋನ್ ಮಾಡಿದರೆ?

ಜಗಳಕ್ಕೆ ಇಳಿಯಬೇಡಿ. ಎಡದ ಸ್ಪೀಕರ್ ತಂತಿಯನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ನೋಡಿ ಅನ್ನಿ. ತೊಂದರೆ ಇನ್ನೊಂದು ಸ್ಪೀಕರ್‌ಗೆ ಹಾರಿದರೆ ದೋಷ ಅವರ ಆಂಪ್ಲಿಫೈಯರ್ ಕಡೆಯದು. ಅದೇ ಸ್ಪೀಕರ್‌ನಲ್ಲಿ ಉಳಿದರೆ ನಮ್ಮದು. ನಮ್ಮದೇ ಆದರೆ ಎಷ್ಟು ದಿನದೊಳಗೆ ವಾಪಸ್ ತಗೊಳ್ಳುತ್ತೀರಿ, ಸಾಗಣೆ ಖರ್ಚು ಯಾರದು ಅನ್ನುವುದನ್ನು ಹಣ ತಗೊಳ್ಳುವ ಮುಂಚೆಯೇ ವಾಟ್ಸಾಪ್‌ನಲ್ಲಿ ಬರೆದು ಕಳಿಸಿರಿ.